ಬಿಸ್ನೆಸ್ ದೊಡ್ಡದು ಮಾಡೋಕೆ ಹೊರಟ್ರಾ? ಅಡ್ವಾನ್ಸ್ ಕೊಡೋ ಮುಂಚೆ ಯಾರ್ಯಾರ ಹತ್ರ ಏನೇನು ಮಾತಾಡ್ಬೇಕು

ಬಿಸ್ನೆಸ್ ಚೆನ್ನಾಗಿ ನಡೀತಿದೆ, ಇರೋ ಜಾಗ ಸಾಲ್ತಿಲ್ಲ, ಪಕ್ಕದ ಜಾಗ ಖಾಲಿ ಆಗ್ತಿದೆ, ಬ್ಯಾಂಕಿನವರು ಲೋನ್ ಕೊಡ್ತೀವಿ ಅಂತಿದಾರೆ. ಇಲ್ಲಿವರೆಗೂ ಎಲ್ಲರೂ ಖುಷಿಯಾಗಿರ್ತಾರೆ. ಕೆಲಸ ಶುರುವಾದ ತಕ್ಷಣ ಒಬ್ಬೊಬ್ಬರದೂ ಒಂದೊಂದು ಮಾತು. ಪಾರ್ಟ್ನರ್‌ಗೆ ಈ ವರ್ಷನೇ ಲಾಭ ಕೈಗೆ ಸಿಗ್ಬೇಕು, ಬ್ಯಾಂಕಿಗೆ ಕಂತು ತಪ್ಪಬಾರ್ದು, ಸ್ಟಾಫ್‌ಗೆ ಕೆಲಸ ಡಬಲ್ ಆಗಿ ಸಂಬಳ ಮಾತ್ರ ಅಷ್ಟೇ ಇದ್ಬಿಡತ್ತೇನೋ ಅನ್ನೋ ಭಯ, ಅಕ್ಕಪಕ್ಕದ ಮನೆಯವರಿಗೆ ಸದ್ದು, ಗಾಡಿ, ಪಾರ್ಕಿಂಗ್ ಚಿಂತೆ, ಹಳೇ ಕಸ್ಟಮರ್‌ಗಳಿಗೆ ಇನ್ಮೇಲೆ ನಮ್ಮನ್ನ ಯಾರು ಕೇಳ್ತಾರೆ ಅನ್ನೋ ಬೇಜಾರು. ಇವರೆಲ್ಲರನ್ನೂ ಸೇರಿಸಿ ಸ್ಟೇಕ್‌ಹೋಲ್ಡರ್ಸ್ ಅಂತ ಒಂದೇ ಪದದಲ್ಲಿ ಕರೀತೀವಿ, ಆದ್ರೆ ಇವರು ಒಂದೇ ಗುಂಪಲ್ಲ, ಒಬ್ಬರಿಗೆ ಬೇಕಾಗಿದ್ದು ಇನ್ನೊಬ್ಬರಿಗೆ ನಷ್ಟ.

ನನ್ನ ಪ್ರಕಾರ ಈ ಜಗಳಗಳು ಕೈಮೀರೋದು ತುಂಬಾ ಸಲ ಒಂದೇ ಕಾರಣಕ್ಕೆ, ಓನರ್ ಎಲ್ಲಾ ನಿರ್ಧಾರ ಮಾಡಿ, ಅಡ್ವಾನ್ಸ್ ಕೊಟ್ಟು, ಮಷಿನ್ ಬುಕ್ ಮಾಡಿ, ಆಮೇಲೆ ಬಂದು ವಿಷಯ ಹೇಳ್ತಾರೆ. ಅಷ್ಟೊತ್ತಿಗೆ ಯಾರು ಏನು ಹೇಳಿದ್ರೂ ಬದಲಾಯಿಸೋಕೆ ದುಡ್ಡು ಬಿಡಲ್ಲ. ಅದಕ್ಕೆ ನಾನು ಹೇಳೋ ದಾರಿ ಪೂರ್ತಿ ನಿಂತಿರೋದು ಒಂದು ವಿಷಯದ ಮೇಲೆ: ವಾಪಸ್ ತಗೊಳ್ಳೋಕಾಗದ ದುಡ್ಡು ಕೈಬಿಡೋ ಮುಂಚೆ ಮಾತು ಮುಗಿಸ್ಬೇಕು.

ಮೊದಲು ಲಿಸ್ಟ್, ಆದ್ರೆ ಹೆಸರುಗಳ ಲಿಸ್ಟ್ ಅಲ್ಲ

ಒಂದು ಹಾಳೆ ತಗೊಂಡು ಯಾರಿಗೆ ಏನು ಸಿಗತ್ತೆ, ಏನು ಹೋಗತ್ತೆ, ಯಾವಾಗ, ಅಂತ ಬರೀರಿ. ಈ "ಯಾವಾಗ" ಅನ್ನೋದನ್ನ ತುಂಬಾ ಜನ ಮರೀತಾರೆ. ಪಕ್ಕದ ಮನೆಯವರಿಗೆ ತೊಂದರೆ ಮೊದಲ ದಿನದಿಂದನೇ ಶುರು, ಗೋಡೆ ಒಡೆಯೋವಾಗಲೇ ಧೂಳು ಅವರ ಮನೆ ಒಳಗೆ, ಲಾಭ ಅನ್ನೋದು ಅವರಿಗೆ ಬರದೇನೇ ಇರಬಹುದು. ಸ್ಟಾಫ್‌ಗೆ ಮೊದಲು ಕಷ್ಟ, ಪ್ರಮೋಶನ್ ಏನಿದ್ರೂ ಆಮೇಲೆ. ಇಬ್ಬರಿಗೂ "ಸ್ವಲ್ಪ ಸಹಿಸ್ಕೊಳ್ಳಿ, ಎಲ್ಲರಿಗೂ ಒಳ್ಳೇದಾಗತ್ತೆ" ಅಂತ ಒಂದೇ ಮಾತು ಹೇಳಿದ್ರೆ ಅದು ನ್ಯಾಯ ಅಲ್ಲ.

ಯಾರಿಗೆ ಎಷ್ಟು ಗಮನ ಕೊಡ್ಬೇಕು ಅನ್ನೋದಕ್ಕೆ 1997ರಲ್ಲಿ ಮಿಚೆಲ್, ಏಗಲ್, ವುಡ್ ಅನ್ನೋ ಮೂವರು ಸಂಶೋಧಕರು ಒಂದು ಅಳತೆ ಕೊಟ್ರು, ಆ ವ್ಯಕ್ತಿಗೆ ನಿಮ್ಮನ್ನ ತಡೆಯೋ ಶಕ್ತಿ ಇದೆಯಾ, ಅವರು ಕೇಳ್ತಿರೋದ್ರಲ್ಲಿ ನ್ಯಾಯ ಇದೆಯಾ, ಅದು ಅರ್ಜೆಂಟಾ. ಬ್ಯಾಂಕಿಗೆ ಮೂರೂ ಇರತ್ತೆ, ಅವರನ್ನ ಯಾರೂ ಮರೆಯಲ್ಲ. ನೀವು ಹುಡುಕ್ಬೇಕಾಗಿರೋದು ನ್ಯಾಯನೂ ಇದೆ, ಅರ್ಜೆಂಟೂ ಇದೆ, ಆದ್ರೆ ಶಕ್ತಿ ಇಲ್ಲ ಅನ್ನೋರನ್ನ. ಪಕ್ಕದ ಬಿಲ್ಡಿಂಗ್ ಓನರ್ ಅಲ್ಲ, ಅಲ್ಲಿ ಬಾಡಿಗೆಗೆ ಇರೋರು. ಪರ್ಮನೆಂಟ್ ಸ್ಟಾಫ್ ಅಲ್ಲ, ಕಾಂಟ್ರ್ಯಾಕ್ಟ್ ಮೇಲೆ ಕ್ಲೀನಿಂಗ್‌ಗೆ ಬರೋರು. ನೈಟ್ ಶಿಫ್ಟ್ ಮುಗಿಸಿ ಹಗಲು ಮಲಗೋರು. ಅವರು ನಿಮ್ಮ ಆಫೀಸಿಗೆ ಬಂದು ಕೂಗಾಡಲ್ಲ, ನೀವೇ ಹೋಗ್ಬೇಕು.

"ಬೇಡ" ಅಂದಾಗ ಅದರ ಹಿಂದೆ ಏನಿದೆ ಅಂತ ಕೇಳಿ

ಮೇರಿ ಪಾರ್ಕರ್ ಫಾಲೆಟ್ ಅನ್ನೋ ಅಮೆರಿಕದ ಚಿಂತಕಿ 1925ರಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ತಮ್ಮದೇ ಅನುಭವ ಹೇಳಿದ್ದಾರೆ. ಲೈಬ್ರರಿಯ ಒಂದು ಸಣ್ಣ ರೂಮಲ್ಲಿ ಒಬ್ಬರಿಗೆ ಕಿಟಕಿ ತೆಗೀಬೇಕು, ಇವರಿಗೆ ಮುಚ್ಚಿರ್ಬೇಕು. ಅರ್ಧ ತೆಗೆದಿದ್ರೆ ಇಬ್ಬರಿಗೂ ಅರ್ಧ ಬೇಜಾರು. ಅವರು ಮಾಡಿದ್ದು ಯಾರೂ ಇಲ್ಲದ ಪಕ್ಕದ ರೂಮಿನ ಕಿಟಕಿ ತೆಗೆದಿದ್ದು. ಯಾಕಂದ್ರೆ ಆ ಇನ್ನೊಬ್ಬರಿಗೆ ಬೇಕಿದ್ದಿದ್ದು ರೂಮಿಗೆ ಗಾಳಿ, ಇದೇ ಕಿಟಕಿ ಅಂತ ಏನಿರಲಿಲ್ಲ, ಇವರಿಗೆ ಬೇಡದೇ ಇದ್ದಿದ್ದು ಉತ್ತರದ ಗಾಳಿ ನೇರವಾಗಿ ಮೈಮೇಲೆ ಬೀಸೋದು, ಅಷ್ಟೇ.

ನಿಮ್ಮ ವಿಷಯದಲ್ಲೂ ಹೀಗೇ ಕೆದಕಿ ನೋಡಿ. "ಇಲ್ಲಿ ದೊಡ್ಡದು ಮಾಡ್ಬೇಡಿ" ಅನ್ನೋ ನೆರೆಯವರನ್ನ ಕೂರಿಸ್ಕೊಂಡು, ನಿಮಗೆ ಯಾವ ಹೊತ್ತಲ್ಲಿ ಏನು ಕಷ್ಟ ಆಗತ್ತೆ ಹೇಳಿ ಅಂತ ಕೇಳಿದ್ರೆ, ಬೆಳಗಿನ ಜಾವ ರಿವರ್ಸ್ ತಗೊಳ್ಳೋ ಲಾರಿಯ ಬೀಪ್ ಸದ್ದು ಒಂದೇ ಅವರ ಸಮಸ್ಯೆ ಅಂತ ಗೊತ್ತಾಗಬಹುದು, ಆಗ ಗೇಟ್ ಜಾಗ ಬದಲಾಯಿಸಿದ್ರೆ ಅಥವಾ ಲೋಡಿಂಗ್ ಟೈಮ್ ಮುಂದಕ್ಕೆ ಹಾಕಿದ್ರೆ ಅರ್ಧ ಜಗಳ ಅಲ್ಲೇ ಮುಗೀತು. ಹೊಸ ಬ್ರಾಂಚ್ ಬೇಡ ಅನ್ನೋ ಹಳೇ ಸೂಪರ್‌ವೈಸರ್‌ಗೆ ಬ್ರಾಂಚ್ ಮೇಲೆ ಏನೂ ಕೋಪ ಇಲ್ದೇ ಇರಬಹುದು, ಹೊರಗಿಂದ ಬರೋ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡ್ಬೇಕಾಗತ್ತಲ್ಲ ಅನ್ನೋ ನೋವು ಇರಬಹುದು. ಇದನ್ನೆಲ್ಲಾ ದೊಡ್ಡ ಮೀಟಿಂಗಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ಒಬ್ಬೊಬ್ಬರ ಹತ್ರನೇ ಮೊದಲು ಮಾತಾಡಿ, ಮೀಟಿಂಗ್ ಆಮೇಲೆ.

ಮೀಟಿಂಗ್ ಕರೆದ್ರೆ ಯಾವುದು ಈಗಾಗಲೇ ನಿರ್ಧಾರ ಆಗಿದೆ, ಯಾವುದನ್ನ ಇನ್ನೂ ಬದಲಾಯಿಸಬಹುದು ಅಂತ ಶುರುವಲ್ಲೇ ಹೇಳ್ಬಿಡಿ. ಏನೂ ಬದಲಾಗಲ್ಲ ಅಂತಿದ್ರೆ ಅಭಿಪ್ರಾಯ ಕೇಳೋ ನಾಟಕ ಮಾಡ್ಬೇಡಿ, ಮಾಹಿತಿ ಕೊಡೋಕೆ ಕರ್ದಿದೀವಿ ಅಂತಲೇ ಹೇಳಿ. ಶೆರಿ ಆರ್ನ್‌ಸ್ಟೀನ್ ಅನ್ನೋ ಅಮೆರಿಕದ ಲೇಖಕಿ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನ 8 ಮೆಟ್ಟಿಲಿನ ಏಣಿ ಥರ ತೋರಿಸಿದ್ರು, ಅದರಲ್ಲಿ ತೀರಾ ಕೆಳಗಿನ ಮೆಟ್ಟಿಲು ಇಂಥ ನಾಟಕಕ್ಕೇ ಮೀಸಲು, ಮಾಹಿತಿ ಕೊಡೋದು, ಅಭಿಪ್ರಾಯ ಕೇಳೋದು ಎಲ್ಲಾ ಮಧ್ಯದಲ್ಲಿ ಬರತ್ತೆ, ಜನರ ಕೈಗೆ ನಿಜವಾದ ಅಧಿಕಾರ ಸಿಗೋದು ಇನ್ನೂ ಮೇಲೆ.

ವಾದ ಮಾಡೋ ಬದಲು ಅಳತೆ ಮಾಡಿ

ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ಅಂದಾಜು ತುಂಬಾ ತಪ್ಪತ್ತೆ. ಸದ್ದು ಅಳೆಯೋ ಡೆಸಿಬಲ್ ನಮ್ಮ ಮಾಮೂಲಿ ಕೂಡೋ ಕಳೆಯೋ ಲೆಕ್ಕ ಅಲ್ಲ. ಒಂದು ಮಷಿನ್ ಪಕ್ಕ ಅಂಥದ್ದೇ ಇನ್ನೊಂದು ಮಷಿನ್ ಇಟ್ರೆ ಸದ್ದು ಸುಮಾರು 3 ಡೆಸಿಬಲ್ ಮಾತ್ರ ಏರತ್ತೆ, ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬಲ್ ಏರ್ಬೇಕು. ಇನ್ನೊಂದು ಕಡೆ, ಸುತ್ತ ಗೋಡೆ ಇಲ್ಲದ ಬಯಲಲ್ಲಿ ಮಷಿನ್‌ನಿಂದ ದೂರ ಎರಡು ಪಟ್ಟು ಆದ್ರೆ ಸುಮಾರು 6 ಡೆಸಿಬಲ್ ಇಳಿಯತ್ತೆ. ಅಂದ್ರೆ ನೆರೆಯವರ ಕಿಟಕಿಯಿಂದ 5 ಮೀಟರ್ ದೂರದಲ್ಲಿರೋ ಎರಡು ಮಷಿನ್‌ನ 10 ಮೀಟರ್‌ಗೆ ಸರಿಸೋದು, ಅದರಲ್ಲಿ ಒಂದನ್ನ ಪೂರ್ತಿ ಆಫ್ ಮಾಡೋದಕ್ಕಿಂತ ಹೆಚ್ಚು ಉಪಯೋಗ (ಗೋಡೆಗಳ ಮಧ್ಯೆ ಇದ್ರೆ ಇಷ್ಟು ಇಳಿಯಲ್ಲ, ಸದ್ದು ವಾಪಸ್ ಬಡಿಯತ್ತೆ). ಎಷ್ಟು ಮಷಿನ್ ಅಂತ ಕಿತ್ತಾಡೋ ಬದಲು ಎಲ್ಲಿ ಇಡ್ತೀರಾ ಅಂತ ಮಾತಾಡಿದ್ರೆ ದಾರಿ ಸಿಗತ್ತೆ. ಮತ್ತೆ ಕೆಲಸ ಶುರು ಮಾಡೋ ಮುಂಚೆನೇ, ನೆರೆಯವರ ಜೊತೆಯಲ್ಲೇ ನಿಂತು, ಅವರ ಕಿಟಕಿ ಹತ್ರ, ಅವರು ಹೇಳೋ ಹೊತ್ತಲ್ಲಿ ಅಳತೆ ಮಾಡಿ ಬರೆದಿಡಿ. ಮುಂಚೆ ಎಷ್ಟಿತ್ತು ಅಂತ ಗೊತ್ತಿಲ್ಲದೇ ಇದ್ರೆ ಆಮೇಲೆ ಯಾರು ಹೇಳೋದು ಸರಿ ಅಂತ ತೀರ್ಮಾನ ಮಾಡೋಕೇ ಆಗಲ್ಲ.

ಗಾಡಿಗಳದ್ದೂ ಹೀಗೇ. ಸಣ್ಣ ಗಾಡಿ ಹತ್ತು ಸಲ ಬರೋ ಬದಲು ದೊಡ್ಡ ಲಾರಿ ಒಂದೇ ಸಲ ಬರ್ಲಿ ಅಂತ ಒಬ್ಬರು ಕೇಳ್ತಾರೆ, ರಸ್ತೆ ಹಾಳಾಗ್ಬಾರ್ದು ಅಂತ ಇನ್ನೊಬ್ಬರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕದ ಪ್ರಕಾರ ಒಂದು ಆಕ್ಸಲ್ (ಎರಡೂ ಕಡೆ ಚಕ್ರ ಸೇರಿಸೋ ಅಚ್ಚು) ಮೇಲಿನ ಭಾರ ಎರಡರಷ್ಟಾದ್ರೆ ರಸ್ತೆಗೆ ಆಗೋ ಡ್ಯಾಮೇಜ್ ಹೆಚ್ಚುಕಡಿಮೆ 16 ಪಟ್ಟು. ಹಾಗಾಗಿ ಇವೆರಡು ಬೇಡಿಕೆ ಒಟ್ಟಿಗೆ ಪೂರೈಸೋದು ಕಷ್ಟ, ಅದನ್ನ ಮುಚ್ಚಿಡದೆ ಇಬ್ಬರ ಮುಂದೇನೂ ಹೇಳಿ, ಭಾರನ ಜಾಸ್ತಿ ಆಕ್ಸಲ್‌ಗಳ ಮೇಲೆ ಹಂಚೋ ಗಾಡಿ ಸಿಗತ್ತಾ ನೋಡಿ.

ದುಡ್ಡಿನ ಭಾರ ಯಾರ ತಲೆ ಮೇಲೆ

ಬೆಳೆಯೋವಾಗ ಲಾಭ ಇದ್ರೂ ಕೈಯಲ್ಲಿ ಕಾಸಿರಲ್ಲ. ಸಪ್ಲೈಯರ್‌ಗೆ 30 ದಿನಕ್ಕೆ ದುಡ್ಡು ಕೊಡ್ಬೇಕು, ಕಸ್ಟಮರ್ ಕೊಡೋದು 60 ದಿನಕ್ಕೆ, ಮಧ್ಯದ 30 ದಿನ ನೀವೇ ತುಂಬ್ಬೇಕು, ವ್ಯಾಪಾರ ಎರಡರಷ್ಟಾದ್ರೆ ಆ ಗ್ಯಾಪ್ ತುಂಬೋಕೆ ಬೇಕಾದ ದುಡ್ಡೂ ಎರಡರಷ್ಟು. ಆಗ ಏನಾಗತ್ತೆ, ಬ್ಯಾಂಕಿಗೆ ಇಲ್ಲ ಅನ್ನೋಕಾಗಲ್ಲ, ಪಾರ್ಟ್ನರ್‌ಗೆ ಹೇಳೋಕೆ ಮುಜುಗರ, ಕೊನೆಗೆ ಸಣ್ಣ ಸಪ್ಲೈಯರ್‌ನ ಕಾಯಿಸ್ತೀವಿ ಇಲ್ಲಾ ಸ್ಟಾಫ್‌ಗೆ ಓವರ್‌ಟೈಮ್ ಮುಂದಿನ ತಿಂಗಳು ಅಂತೀವಿ. ಅಂದ್ರೆ ನಮ್ಮ ಎಕ್ಸ್‌ಪ್ಯಾನ್ಷನ್‌ಗೆ ಅವರ ಹತ್ರ ಬಡ್ಡಿ ಇಲ್ಲದೆ ಸಾಲ ತಗೊಂಡ ಹಾಗೆ, ಅದೂ ಕೇಳದೇನೇ. ಇದು ದಯವಿಟ್ಟು ಮಾಡ್ಬೇಡಿ. ಸಂಬಳದ ದಿನ, ಕೆಲಸದ ಜಾಗದ ಸೇಫ್ಟಿ, ಕಾನೂನು ಹೇಳೋ ಪರ್ಮಿಷನ್, ಇವನ್ನ ಚೌಕಾಸಿಗೆ ಇಡಲೇಬಾರ್ದು. ಪಾರ್ಟ್ನರ್ ಜೊತೆ ಎಷ್ಟು ತಿಂಗಳು ಇಬ್ಬರೂ ಲಾಭ ತೆಗೆಯಲ್ಲ, ನಷ್ಟ ಎಲ್ಲಿಗೆ ಮುಟ್ಟಿದ್ರೆ ನಿಲ್ಲಿಸ್ತೀವಿ ಅನ್ನೋದನ್ನ ಮೊದಲೇ ಬರೆದು ಸೈನ್ ಮಾಡ್ಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟಲ್ಲಿ ಎರಡು ಶಿಫ್ಟ್ ಅಂತ ಬರೆದು, ನೆರೆಯವರಿಗೆ ಸಂಜೆ ಮೇಲೆ ಕೆಲಸ ಇರಲ್ಲ ಅಂತ ಹೇಳಿ, ಸ್ಟಾಫ್‌ಗೆ ಹೊಸಬರನ್ನ ತಗೋತೀವಿ ಅಂತ ಮಾತು ಕೊಟ್ರೆ, ಈ ಮೂರೂ ಒಟ್ಟಿಗೆ ನಿಜ ಆಗೋಕೆ ಸಾಧ್ಯನೇ ಇಲ್ಲ. ಇಂಥದ್ದು ಬೇಕಂತ ಸುಳ್ಳು ಹೇಳಿ ಆಗೋದಕ್ಕಿಂತ, ಎದುರಿಗಿರೋರನ್ನ ಸಮಾಧಾನ ಮಾಡೋ ಆತುರದಲ್ಲಿ ಆಗೋದೇ ಜಾಸ್ತಿ. ಅದಕ್ಕೆ ಯಾರಿಗೆ ಏನು ಹೇಳಿದೀನಿ ಅಂತ ಒಂದೇ ಹಾಳೆಯಲ್ಲಿ ಬರೀತಾ ಹೋಗಿ, ಒಂದಕ್ಕೊಂದು ತಾಳೆ ಆಗತ್ತಾ ನೋಡಿ. ಒಂದೇ ಶಿಫ್ಟಲ್ಲಿ ಕಂತು ಕಟ್ಟೋಕಾಗಲ್ಲ ಅಂತ ಲೆಕ್ಕ ಹೇಳಿದ್ರೆ ಲೋನ್ ಚಿಕ್ಕದು ಮಾಡಿ, ಇಲ್ಲಾ ನೆರೆಯವರ ಹತ್ರ ಹೋಗಿ ನಿಜ ಹೇಳಿ.

ಮಾತು ಕೊಡೋವಾಗ "ಆದಷ್ಟು ಸದ್ದು ಕಮ್ಮಿ ಮಾಡ್ತೀವಿ" ಅನ್ಬೇಡಿ. "ರಾತ್ರಿ 9ರ ಮೇಲೆ ಲೋಡಿಂಗ್ ಇಲ್ಲ, ಇದ್ರೆ ಈ ನಂಬರಿಗೆ ಫೋನ್ ಮಾಡಿ" ಅನ್ನಿ, ಆ ಫೋನ್ ಎತ್ತೋರಿಗೆ ಲೋಡಿಂಗ್ ನಿಲ್ಲಿಸೋ ಅಧಿಕಾರನೂ ಕೊಡಿ. ಆಗಲ್ಲ ಅನ್ನೋದಿದ್ರೆ ಕಾರಣ ಸಮೇತ ಆಗಲ್ಲ ಅಂತ ಹೇಳಿ, ನೋಡೋಣ ಅಂತ ಎಳೀಬೇಡಿ. ಸಾಧ್ಯ ಇದ್ರೆ ಪೂರ್ತಿ ಜಾಗ ತಗೊಳ್ಳೋ ಮುಂಚೆ ಒಂದು ತಿಂಗಳು ಹೆಚ್ಚಿನ ಟೈಮ್ ಕೆಲಸ ನಡೆಸಿ ನೋಡಿ, ಅಷ್ಟರಲ್ಲೇ ಅರ್ಧ ಸಮಸ್ಯೆ ಮುಖ ತೋರಿಸತ್ತೆ.

ಶುರುವಾಗಿ ಮೂರು ತಿಂಗಳಾದ್ಮೇಲೆ ಮೊದಲ ಹಾಳೆ ತೆಗೆದು ಯಾರ್ಯಾರು ಕಂಪ್ಲೇಂಟ್ ಮಾಡಿಲ್ಲ ಅಂತ ನೋಡಿ, ಅವರ ಮನೆ ಬಾಗಿಲಿಗೇ ಮೊದಲು ಹೋಗಿ ಹೇಗಿದೆ ಅಂತ ಕೇಳಿ, ಅಳತೆ ಮಾಡಿದ ಅದೇ ಕಿಟಕಿ ಹತ್ರ ನಿಂತು ಇನ್ನೊಂದ್ಸಲ ಅಳತೆ ಮಾಡಿ ಅವರಿಗೇ ತೋರಿಸಿ.