ಸಾಲ ತೀರಿಸಿದೆ, ಸಹಿ ಹಾಕಲಿಲ್ಲ

ಮದುವೆಯಾದ ಮಾತ್ರಕ್ಕೆ ಗಂಡನ ಹಳೆಯ ಸಾಲ ಹೆಂಡತಿಯ ತಲೆಗೆ ಬರುವುದಿಲ್ಲ. ಹೆಂಡತಿಯ ಸಾಲ ಗಂಡನ ತಲೆಗೂ ಬರುವುದಿಲ್ಲ. ಸಾಲ ಪಡೆದವರು, ಸಹಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕಿದವರು ಮಾತ್ರ ಹೊಣೆ. ಕಾನೂನು ಅಷ್ಟೇ ಹೇಳುತ್ತದೆ. ಆದರೆ ಕಂತು ಕಟ್ಟುವುದೂ ಅಕ್ಕಿ ತರುವುದೂ ಒಂದೇ ಮನೆಯ ದುಡ್ಡಿನಿಂದ. ಹಾಗಾಗಿ ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರೊಬ್ಬರನ್ನು ಮದುವೆಯಾಗಲು ಒಪ್ಪಿದಾಗ, ಶಾಲಾ ಶಿಕ್ಷಕಿಯಾದ ನಾನು ಹಣದ ಪ್ರಶ್ನೆಯನ್ನೂ ಸಹಿಯ ಪ್ರಶ್ನೆಯನ್ನೂ ಬೇರೆ ಬೇರೆ ಇಟ್ಟುಕೊಂಡೆ. ಹಣದಲ್ಲಿ ಧಾರಾಳಿ, ಸಹಿಯಲ್ಲಿ ಜುಗ್ಗಿ.

ಇವರ ಸಾಲ ಬೆಳೆಯಲು ಶುರುವಾದದ್ದು 2018ರ ಆಗಸ್ಟ್ ಮಳೆಯಿಂದ. ಆ ಮಳೆಯ ಬಗ್ಗೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಒಂದು ಪಕ್ಕ ಜಾರಿತು, ಉಳಿದ ಗಿಡಗಳಲ್ಲಿ ಕಾಯಿ ಉದುರಿತು, ಕೂಲಿ ಮಾತ್ರ ಕೊಡಲೇಬೇಕಿತ್ತು.

ನಿಶ್ಚಿತಾರ್ಥಕ್ಕೆ ಮೊದಲೇ ಸಾಲದ ಲೆಕ್ಕ ಕೇಳಿದೆ. "ಹುಡುಗನ ಮನೆಯವರನ್ನು ಇಂಥದ್ದೆಲ್ಲ ಕೇಳುತ್ತಾರೇನೇ?" ಎಂದು ಅಮ್ಮ ಗದರಿದರು. ನಾವು ಕೇಳದಿದ್ದರೆ ಊರಿನವರು ಹೇಳುತ್ತಾರೆ, ಅದೂ ಉಪ್ಪುಖಾರ ಹಚ್ಚಿ. ಇವರು ಬೇಸರಪಡಲಿಲ್ಲ, ಮೊದಲು ನನ್ನ ಸ್ಕೂಟರ್ ಸಾಲದ ಕಾಗದ ಮುಂದಿಟ್ಟದ್ದು ಕೆಲಸಕ್ಕೆ ಬಂದಿರಬೇಕು.

ಯಾರು ಎಷ್ಟು ಸಾಲ ಪಡೆದು ಹೇಗೆ ತೀರಿಸಿದರು ಎಂದು ದಾಖಲಿಸುವ ಸಿಬಿಲ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. ಎಲ್ಲರೂ ನೋಡುವುದು 300ರಿಂದ 900ರ ನಡುವಿನ ಆ ಒಂದು ಅಂಕವನ್ನು. ನಾನು ನೋಡಿದ್ದು ಪ್ರತಿ ಸಾಲದ ಎದುರು ಅದು ಯಾರದು ಎಂದು ನಮೂದಿಸುವ ಜಾಗವನ್ನು. ಪಿಕಪ್ ವಾಹನದ ಸಾಲ ಇವರ ಹೆಸರಿನಲ್ಲಿತ್ತು. ಅದರ ಕೆಳಗಿನ ಇನ್ನೊಂದು ಸಾಲದ ಎದುರು "ಗ್ಯಾರಂಟರ್" ಎಂದಿತ್ತು. ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರು. "ಅದು ನನ್ನ ಸಾಲವಲ್ಲವಲ್ಲ" ಎಂದರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಸಾಲ ಪಡೆದವನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಅದನ್ನೂ ಪಟ್ಟಿಗೆ ಸೇರಿಸಿದೆವು.

ಸಹಕಾರ ಸಂಘದ ಬೆಳೆ ಸಾಲ ಆ ವರದಿಯಲ್ಲಿ ಇರಲಿಲ್ಲ. ಜಮೀನಿನ ಪಹಣಿ, ಅಂದರೆ ಆರ್‌ಟಿಸಿಯ 11ನೇ ಕಾಲಂನಲ್ಲಿ ಸಿಕ್ಕಿತು. ಕುಟುಂಬದವರೆಲ್ಲ ತಲೆಮಾರಿನಿಂದ ಒಟ್ಟಾಗಿ ಹೊಂದಿರುವ ಜಮ್ಮಾ ಜಾಗವಾದ್ದರಿಂದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿನ ಜೊತೆ ದಾಯಾದಿಗಳ ಉದ್ದದ ಸಾಲು, ಋಣದ ಕಾಲಂನಲ್ಲಿ ಎಲ್ಲರ ಸಾಲವೂ ಬೆರೆತು ಕುಳಿತಿತ್ತು. ಯಾವುದು ಇವರದು, ಯಾವುದು ಚಿಕ್ಕಪ್ಪನದು, ಯಾವುದು ತೀರಿಯೂ ತೆಗೆಸದೆ ಬಿಟ್ಟದ್ದು ಎಂದು ಬಿಡಿಸಲು ಮಾವನವರೇ ಬೇಕಾಯಿತು. ಕನ್ನಡಕ ಏರಿಸಿಕೊಂಡು ಒಂದೊಂದು ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಹೆಸರು ಬರೆದುಕೊಟ್ಟರು.

ಯಾವ ದಾಖಲೆಯಲ್ಲೂ ಸಿಗದ್ದು ಕಾಫಿ ವ್ಯಾಪಾರಿಯ ಮುಂಗಡ. ಮಳೆಗಾಲದಲ್ಲಿ ಕೂಲಿಗೆಂದು ಹಣ ಕೊಡುತ್ತಾರೆ, ಕೊಯ್ಲಾದ ಮೇಲೆ ಕಾಫಿ ಅವರಿಗೇ ಹಾಕಬೇಕು. ಆ ಚೀಟಿಯಲ್ಲಿ ಬಡ್ಡಿ ಎಂಬ ಪದವೇ ಇರಲಿಲ್ಲ. ಬಡ್ಡಿ ಇದ್ದದ್ದು ಔಟ್‌ಟರ್ನ್‌ನಲ್ಲಿ. 50 ಕೆಜಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಎಷ್ಟು ಕೆಜಿ ಬೀಜ ಇಳಿಯುತ್ತದೆ ಎಂಬ ಆ ಲೆಕ್ಕವನ್ನು ಒಂದು ಕೆಜಿ ಕಡಿಮೆ ಹಿಡಿದರೂ ಚೀಲ ಚೀಲಕ್ಕೂ ನಷ್ಟ; ಮುಂಗಡ ತಿಂದವನಿಗೆ ಬೇರೆ ಅಂಗಡಿಗೆ ಹೋಗಿ ತೋರಿಸುವ ಬಾಯಿ ಇಲ್ಲ. ಎಲ್ಲ ಸಾಲಗಳಲ್ಲಿ ಇದೇ ದುಬಾರಿ ಎಂದು ನನಗನ್ನಿಸಿತು. ಮದುವೆಯಾದ ಮೇಲೆ ನನ್ನ ಸಂಬಳದಿಂದ ಮೊದಲು ತೀರಿಸಿದ್ದು ಇದನ್ನೇ. ಮುಂದಿನ ಕೊಯ್ಲಿಗೆ ಮಾದರಿ ಹಿಡಿದುಕೊಂಡು ಎರಡು ಮೂರು ಕಡೆ ದರ ಕೇಳಿ ಮಾರಿದೆವು.

ಕೈಸಾಲ ಕೊಟ್ಟಿದ್ದ ಬಂಧುವೊಬ್ಬರು ಮದುವೆಯಾದ ಸ್ವಲ್ಪ ದಿನಕ್ಕೆ ಹೊಸ ಪ್ರಾಮಿಸರಿ ನೋಟು ಹಿಡಿದು ಬಂದರು. ರೆವೆನ್ಯೂ ಸ್ಟಾಂಪು ಆಗಲೇ ಅಂಟಿಸಿತ್ತು. "ನಿನ್ನದೂ ಒಂದು ಸಹಿ ಇರಲಮ್ಮ, ಮನೆಯವಳಲ್ಲವೇ" ಎಂದರು. ಬೇಡಿಕೆಯ ಮೇಲೆ ತೀರಿಸಬೇಕಾದ ನೋಟಿಗೆ ಬರೆದ ದಿನದಿಂದ 3 ವರ್ಷದ ಕಾಲಮಿತಿ. ಅದರೊಳಗೆ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡರೆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಮುಗಿದ ಮೇಲೂ ಕೊಡುತ್ತೇನೆಂದು ಬರೆದು ಸಹಿ ಹಾಕಿದರೆ ಸಾಲಕ್ಕೆ ಮತ್ತೆ ಜೀವ ಬರುತ್ತದೆ. ಹಳೆಯ ನೋಟಿನ ಅವಧಿ ಮುಗಿದಿತ್ತು. ಹಾಗೆಂದು ಕಷ್ಟಕ್ಕೆ ಆದವರಿಗೆ ಹಣ ಇಲ್ಲ ಎನ್ನುವುದು ಇವರಿಗೂ ಇಷ್ಟವಿರಲಿಲ್ಲ, ನನಗೂ ಇಲ್ಲ. "ಭಾವ, ಹಣ ತಿಂಗಳು ತಿಂಗಳು ನಿಮ್ಮ ಖಾತೆಗೆ ಬರುತ್ತದೆ, ಸಹಿ ಮಾತ್ರ ನನ್ನದು ಬೇಡ" ಎಂದೆ. ಕಾಫಿ ಕುಡಿಯದೆ ಎದ್ದುಹೋದರು. ಹಣ ಪೂರ್ತಿ ತಲುಪಿದ ಮೇಲೆ ಹಳೆಯ ನೋಟು ವಾಪಸು ಕೊಟ್ಟರು.

ಬೆಳೆ ಸಾಲವನ್ನು ಮಾರ್ಚ್ ಕೊನೆಯೊಳಗೆ ಕಟ್ಟಿ ನವೀಕರಿಸುವ ಹೊತ್ತಿಗೆ ಸಹಕಾರ ಸಂಘದಲ್ಲಿಯೂ ಇದೇ ಮಾತು. ಮೇಜಿನಾಚೆ ಕುಳಿತಿದ್ದವರು ಅರ್ಜಿಯ ಮೇಲೆ ಪೆನ್ನು ಇಟ್ಟು, "ಮೇಡಂ, ಇಲ್ಲೊಂದು ಸಹಿ, ಸುಮ್ಮನೆ ಫಾರ್ಮಾಲಿಟಿ" ಎಂದರು. ಯಾವ ಹೆಸರಿನಲ್ಲಿ ಎಂದು ಕೇಳಿದೆ: ಸಾಕ್ಷಿಯೋ, ಜಾಮೀನುದಾರಳೋ, ಸಹಸಾಲಗಾರಳೋ? ಸಾಕ್ಷಿ ಎಂದರೆ ಇವರು ಸಹಿ ಹಾಕಿದ್ದನ್ನು ಕಂಡೆ ಎಂದಷ್ಟೇ. ಉಳಿದೆರಡಕ್ಕೆ ನನ್ನ ಮೇಲೂ ದಾವೆ ಹೂಡಬಹುದು. ಅವರು ಹಾಳೆ ತಿರುಗಿಸಿ ನೋಡಿ, "ಜಾಮೀನು" ಎಂದರು. ಜೊತೆಗೆ ವೇತನ ಪ್ರಮಾಣಪತ್ರವನ್ನೂ ಕೇಳಿದಾಗ ಅವರ ಕಣ್ಣು ಎಲ್ಲಿದೆ ಎಂದು ಗೊತ್ತಾಯಿತು. ಕಡೆಗೆ ಸಂಘದ ಸದಸ್ಯರಾದ ಚಿಕ್ಕಪ್ಪನೇ ಜಾಮೀನು ಹಾಕಿದರು; ಅವರ ಸಾಲಕ್ಕೆ ಇವರು ಹಾಕಿದ್ದಾರೆ, ಆ ಲೆಕ್ಕ ಸರಿಹೋಯಿತು. ಸಹಿಗೆ ಇಲ್ಲ ಎಂದವಳು ಸೊಕ್ಕಿನವಳು ಎಂಬ ಹೆಸರು ಬಂದದ್ದಂತೂ ನಿಜ. ಜಾಮೀನಿಗಿಂತ ಅದು ಅಗ್ಗ.

ನನ್ನ ಸಂಬಳದ ಖಾತೆಗೆ ಇವರ ಹೆಸರು ಸೇರಿಸಲಿಲ್ಲ, ತೋಟದ ಖಾತೆಗೆ ನನ್ನ ಹೆಸರೂ ಇಲ್ಲ. ಮದುವೆಯಿಂದ ಇಬ್ಬರ ಸಿಬಿಲ್ ಅಂಕ ಒಂದಾಗುವುದಿಲ್ಲ. ಜಂಟಿಯಾಗಿ ಸಾಲ ಕೇಳಿದರೆ ಇಬ್ಬರದನ್ನೂ ನೋಡುತ್ತಾರೆ. ಮುಂದೆ ಮನೆ ಕಟ್ಟುವ ಯೋಚನೆ ಇರುವವರು ಒಬ್ಬರದನ್ನಾದರೂ ಚೊಕ್ಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ತವರಿನ ಒಡವೆ ಸ್ತ್ರೀಧನ. ಅದು ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಒಂದು ಮಳೆಗಾಲದಲ್ಲಿ ನನ್ನ ಬಳೆಗಳನ್ನು ಅಡವಿಟ್ಟದ್ದುಂಟು. ನನ್ನ ಹೆಸರಿನಲ್ಲಿ, ನಾನೇ ಹೋಗಿ, ಬಿಡಿಸುವ ತಿಂಗಳನ್ನು ಮೊದಲೇ ಮಾತಾಡಿಕೊಂಡು.

ಇವರಿಗೆ ಏನಾದರೂ ಆದರೆ? ಈ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಸತ್ತವರ ಸಾಲ ವಾರಸುದಾರರಿಗೆ ತಟ್ಟುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಆದರೆ ಆ ಆಸ್ತಿಯೇ ತೋಟ. ಅದಕ್ಕಾಗಿ ಇವರ ಹೆಸರಿನಲ್ಲಿ ಟರ್ಮ್ ವಿಮೆ ಮಾಡಿಸಿದೆವು, 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಂ ಅಡಿಯಲ್ಲಿ. ಹೀಗೆ ಮಾಡಿಸಿದ ಪಾಲಿಸಿಯ ಹಣ ಹೆಂಡತಿ ಮಕ್ಕಳಿಗೇ ಮೀಸಲು; ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿಸದಿದ್ದರೆ ಅವರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ಕೊಳ್ಳುವಾಗಲೇ ಅದರ ಅರ್ಜಿ ತುಂಬಬೇಕು. ನಮ್ಮ ಏಜೆಂಟರಿಗೆ ಆ ಅರ್ಜಿ ಹುಡುಕಿಸಲು ಒಂದು ವಾರ ಹಿಡಿಯಿತು.

ಪಿಕಪ್ ಸಾಲ ಮುಗಿದಿದೆ. ಬ್ಯಾಂಕಿನ ನಿರಾಕ್ಷೇಪಣಾ ಪತ್ರವನ್ನೂ ಫಾರಂ 35ನ್ನೂ ಮಡಿಕೇರಿಯ ಆರ್‌ಟಿಒ ಕಚೇರಿಗೆ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದೆವು. ಗೆಳೆಯರ ಜಾಮೀನು ಮಾತ್ರ ಹಾಗೆಯೇ ಇದೆ. ಬದಲಿಗೆ ಇನ್ನೊಬ್ಬರು ನಿಂತರೆ ಬಿಡುತ್ತೇವೆ ಎಂದು ಸಾಲ ಕೊಟ್ಟವರು ಎನ್ನುತ್ತಾರೆ, ನಿಲ್ಲುವವರು ಸಿಕ್ಕಿಲ್ಲ. ಆ ಗೆಳೆಯರು ಕಂತು ಕಟ್ಟುತ್ತಿದ್ದಾರೆಯೇ ಎಂದು ಪ್ರತಿವರ್ಷದ ವರದಿಯಲ್ಲಿ ನೋಡಿಕೊಳ್ಳುತ್ತೇವೆ.