ತಂಗಡಿ ಎಲೆಗೆ ನಿಜಕ್ಕೂ ಔಷಧ ಗುಣ ಇದೆಯಾ? ಲ್ಯಾಬಿನಲ್ಲಿ ನೋಡುವುದು ಹೀಗೆ

ಮಾರ್ಚ್ ಬಂತೆಂದರೆ ಕಲಬುರಗಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಅವಸರ ಶುರುವಾಗುತ್ತದೆ. ಚೀಲದಲ್ಲಿ ಎಲೆ ತುಂಬಿಕೊಂಡು ಬಂದ ಹುಡುಗರು ಹೇಳುವ ಮೊದಲ ಮಾತು ಒಂದೇ: "ಸರ್, ಇದು ಬ್ಯಾಕ್ಟೀರಿಯಾ ಕೊಲ್ತದ ಅಂತ ತೋರಿಸಬೇಕ್ರಿ." ತೋರಿಸಬೇಕು ಅಂತ ಹೊರಟವರಿಗೆ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಏನು ಬೇಕಾದರೂ ಕಾಣುತ್ತದೆ. ಕೊಲ್ಲುತ್ತದೋ ಇಲ್ಲವೋ ಅಂತ ನೋಡಲು ಹೊರಡಿ. ಆಯಿ ಗಾಯಕ್ಕೆ ಹಚ್ಚುತ್ತಿದ್ದ ಎಲೆಗೆ ನಾವು ಕೊಡಬಹುದಾದ ಮರ್ಯಾದೆ ಅದು.

ಉದಾಹರಣೆಗೆ ತಂಗಡಿಯನ್ನೇ ಹಿಡಿಯೋಣ. ಕೆಲವರು ಆವರಿಕೆ ಅನ್ನುತ್ತಾರೆ. ರಸ್ತೆ ಬದಿ, ಹೊಲದ ಒಡ್ಡು, ಎಲ್ಲೆಂದರಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ, ಹಳೇ ಪುಸ್ತಕಗಳಲ್ಲಿ ಕ್ಯಾಸಿಯಾ ಆರಿಕ್ಯುಲೇಟಾ.

ಗಿಡ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಹೂ ಇರುವ ರೆಂಬೆ ಕಿತ್ತು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ. ದಪ್ಪ ಹಾಳೆಗೆ ಅಂಟಿಸಿ ಊರು, ತಾರೀಕು, ಕಿತ್ತವರ ಹೆಸರು ಬರೆದು ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಿ. ಅವರು ಹೆಸರು ಖಚಿತ ಮಾಡಿ ನಂಬರ್ ಕೊಟ್ಟ ಮೇಲೆಯೇ ಮುಂದಿನ ಕೆಲಸ.

ತಂಗಡಿಗೆ ಇದೆಲ್ಲ ಯಾಕೆ, ಎಲ್ಲರಿಗೂ ಗೊತ್ತಲ್ವಾ ಅಂತ ಅನ್ನಬೇಡಿ. ನೆಲನೆಲ್ಲಿ ಅಂತ ತಂದ ಕಟ್ಟಿನಲ್ಲಿ ಎರಡು ಮೂರು ಬಗೆಯ ಫೈಲಾಂಥಸ್ (ನೆಲನೆಲ್ಲಿಯ ಕುಲ) ಬೆರೆತಿರುವುದು ಮಾಮೂಲು. ಅಮೃತಬಳ್ಳಿಯದೂ ಇದೇ ಕಥೆ. ಟಿನೋಸ್ಪೋರಾ ಕಾರ್ಡಿಫೋಲಿಯಾ ಒಂದು, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಇನ್ನೊಂದು. ಎರಡನ್ನೂ ಒಂದೇ ಅಂತ ತಿಳಿಯಬೇಡಿ ಅಂತ 2022ರಲ್ಲಿ ಆಯುಷ್ ಸಚಿವಾಲಯವೇ ಎಚ್ಚರಿಸಬೇಕಾಯಿತು. ಹಾಗಾಗಿ ಅಂಗಡಿಯ ಪುಡಿ ಪೊಟ್ಟಣ ಪ್ರಯೋಗಕ್ಕೆ ಬೇಡವೇ ಬೇಡ. ಪುಡಿಯಾದ ಮೇಲೆ ಯಾವ ಎಲೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಚಿಂಚೋಳಿ ಕಾಡಿಗೆ ಹೋಗಿ ಕೀಳುವ ಆಸೆ ಇದ್ದರೆ ಅದು ವನ್ಯಜೀವಿಧಾಮ ಅನ್ನುವುದು ನೆನಪಿರಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಲೆಯೂ ಮುಟ್ಟುವಂತಿಲ್ಲ.

ತೊಳೆದು, ನೆರಳಲ್ಲಿ ಫ್ಯಾನ್ ಕೆಳಗೆ ಒಣಗಿಸಿ, ಪುಡಿ ಮಾಡಿ. ಬೇಗ ಆಗಲಿ ಅಂತ ನಮ್ಮ ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲೆ ಹಾಕಬೇಡಿ.

ಸಾರ ತೆಗೆಯುವುದು

50 ಗ್ರಾಂ ಪುಡಿಗೆ 500 ಮಿಲಿ ದ್ರಾವಕ. ನಾನು ಸಾಕ್ಸ್‌ಲೆಟ್ ಉಪಕರಣಕ್ಕಿಂತ (ದ್ರಾವಕವನ್ನು ಕುದಿಸಿ ಪುಡಿಯ ಮೇಲೆ ಮತ್ತೆ ಮತ್ತೆ ಹಾಯಿಸುವ ಸಾಧನ) ಸುಮ್ನೆ ನೆನೆಸಿಡುವ ಪದ್ಧತಿಯನ್ನೇ ಹೇಳುತ್ತೇನೆ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಮೂರು ದಿನ ಇಡಿ, ಆಗಾಗ ಅಲ್ಲಾಡಿಸಿ, ಮೊದಲು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಸಾಕ್ಸ್‌ಲೆಟ್‌ನಲ್ಲಿ ತೆಗೆದ ಸಾರ ಗಂಟೆಗಟ್ಟಲೆ ಕುದಿಯುತ್ತಲೇ ಇರುತ್ತದೆ, ಶಾಖ ತಾಳದ ವಸ್ತು ಅಲ್ಲೇ ಹಾಳಾಗಬಹುದು. ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಕ್ಕೆ ಔಷಧಿ ಹುಡುಕುವಾಗ ಆಗಿದ್ದೂ ಇದೇ ರೀತಿ. ಸೊಪ್ಪಿನ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಆ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ ಹಳೆಯ ವೈದ್ಯ ಗ್ರಂಥದಲ್ಲಿತ್ತು, ಕುದಿಸುವ ಮಾತೇ ಇರಲಿಲ್ಲ. ಅದನ್ನು ಓದಿ ಅವರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದರು. ಹಾಗೆ ಸಿಕ್ಕಿದ್ದೇ ಆರ್ಟೆಮಿಸಿನಿನ್. 2015ರಲ್ಲಿ ನೊಬೆಲ್ ಬಂತು.

ದ್ರಾವಕಕ್ಕೆ ನನ್ನ ಆಯ್ಕೆ ಶೇ 70ರ ಎಥನಾಲ್. ಅದನ್ನು ತರಿಸಲು ಅಬಕಾರಿ ಅನುಮತಿಯ ಓಡಾಟ ಇರುತ್ತದೆ, ಅದಕ್ಕೇ ಜಾಸ್ತಿ ಜನ ಮೆಥನಾಲ್ ಬಳಸುತ್ತಾರೆ. ಬಳಸಲಿ, ಆದರೆ ಅದು ವಿಷ, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಬಿಟ್ಟು ಹೊರಗೆ ತೆರೆಯಬೇಡಿ. ಎಥನಾಲ್ ಸಿಗಲಿಲ್ಲ ಅಂತ ಸ್ಯಾನಿಟೈಸರ್‌ನಲ್ಲಿ ಎಲೆ ನೆನೆಸಿದವರನ್ನೂ ನೋಡಿದ್ದೇನೆ. ಅದರಲ್ಲಿ ಗ್ಲಿಸರಿನ್, ಸುವಾಸನೆ ಎಲ್ಲ ಇರುತ್ತದೆ, ಅವು ಸಾರದ ಜೊತೆಗೇ ಉಳಿಯುತ್ತವೆ.

ಎಲ್ಲರೂ ಎಡವುವ ಜಾಗ

ಸೋಸಿದ ಸಾರದಿಂದ ದ್ರಾವಕವನ್ನು ಪೂರ್ತಿ ಹೊರಗೆ ಹಾಕಬೇಕು. ಪೂರ್ತಿ ಅಂದರೆ ಪೂರ್ತಿ. ರೋಟರಿ ಇವಾಪೊರೇಟರ್ ಇದ್ದರೆ 40 ಡಿಗ್ರಿಯಲ್ಲಿ ಇಡಿ. ಇಲ್ಲದಿದ್ದರೆ ಅಗಲ ಗಾಜಿನ ತಟ್ಟೆಗೆ ಸುರಿದು ಫ್ಯೂಮ್ ಹುಡ್ ಒಳಗೆ ಬಿಡಿ. ಕಾಕಂಬಿಯಂಥ ಅಂಟು ಉಳಿಯುತ್ತದೆ. ಇಲ್ಲೇ ಎಲ್ಲರೂ ಒಣಗಿತು ಅಂದುಕೊಳ್ಳುವುದು. ಆ ಅಂಟಿನೊಳಗೆ ದ್ರಾವಕ ಇನ್ನೂ ಸಿಕ್ಕಿಹಾಕಿಕೊಂಡಿರುತ್ತದೆ. ತಟ್ಟೆಯನ್ನು ತೇವ ಹೀರುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿಟ್ಟು ದಿನಕ್ಕೊಮ್ಮೆ ತೂಗಿ, ಎರಡು ದಿನ ಬಿಡದೆ ಒಂದೇ ತೂಕ ಬಂದರೆ ಮಾತ್ರ ಒಣಗಿದೆ ಅಂತ ಲೆಕ್ಕ.

ಒಬ್ಬ ವಿದ್ಯಾರ್ಥಿನಿ 22 ಮಿಮೀ ಅಗಲದ ವಲಯ (ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತ) ತೋರಿಸಿ ಕುಣಿದಾಡಿದ್ದಳು. ಸಾರ ಹಾಕಲು ಪ್ಲೇಟಿನಲ್ಲಿ ಸಣ್ಣ ಗುಂಡಿ ಕೊರೆಯುತ್ತೇವೆ, ಅವಳ ಪ್ಲೇಟಿನಲ್ಲಿ ಬರೀ ದ್ರಾವಕ ಹಾಕಿದ ಗುಂಡಿಯೇ ಇರಲಿಲ್ಲ. ಬರೀ ಮೆಥನಾಲ್ ಹಾಕಿ ಮತ್ತೆ ಮಾಡಿಸಿದೆ, ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ವಲಯ ಬಂತು. ಸಾರ ಸರಿಯಾಗಿ ಒಣಗಿಸಿ ಮೂರನೇ ಸಲ ಮಾಡಿದಾಗ ಉಳಿದದ್ದು 11 ಮಿಮೀ. ಆ 11 ಮಿಮೀ ಗಿಡದ ನಿಜವಾದ ಕೆಲಸ, ಅವಳು ಅದನ್ನೇ ಬರೆದಳು.

ಆದ್ದರಿಂದ ಪ್ರತಿ ಪ್ಲೇಟಿನಲ್ಲೂ ಗಿಡವಿಲ್ಲದ ಗುಂಡಿ ಒಂದು ಇರಲೇಬೇಕು. 100 ಮಿಗ್ರಾಂ ಒಣ ಸಾರವನ್ನು 1 ಮಿಲಿ ಡಿಎಂಎಸ್ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕದಲ್ಲಿ ಕರಗಿಸಿ, ಆ ಗುಂಡಿಗೆ ಅಷ್ಟೇ ಪ್ರಮಾಣದ ಬರೀ ಡಿಎಂಎಸ್ಒ. ಡಿಎಂಎಸ್ಒ ಸುಮಾರು 18 ಡಿಗ್ರಿಗೇ ಗಟ್ಟಿಯಾಗುತ್ತದೆ, ಫ್ರಿಜ್‌ನಿಂದ ತೆಗೆದ ಮೇಲೆ ಪೂರ್ತಿ ಕರಗಿಸಿ ಚೆನ್ನಾಗಿ ಕಲಕಿ. ಸಾರವನ್ನು 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಹಾಯಿಸುವಾಗ ಪಾಕೀಟು ಓದಿ. ಅಗ್ಗಕ್ಕೆ ಸಿಗುವ ಸೆಲ್ಯುಲೋಸ್ ನೈಟ್ರೇಟ್, ಅಸಿಟೇಟ್ ಪೊರೆಗಳು ಡಿಎಂಎಸ್ಒ ತಾಳುವುದಿಲ್ಲ. ನೈಲಾನ್ ತರಿಸಿ.

ಪ್ಲೇಟ್

ಮುಲ್ಲರ್ ಹಿಂಟನ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ), 90 ಮಿಮೀ ಪ್ಲೇಟಿಗೆ 25 ಮಿಲಿ. ಆಗ 4 ಮಿಮೀ ದಪ್ಪ ಬರುತ್ತದೆ. ಉಳಿತಾಯಕ್ಕೆ ತೆಳ್ಳಗೆ ಸುರಿದರೆ ವಲಯ ಸುಳ್ಳೇ ದೊಡ್ಡದಾಗಿ ಕಾಣುತ್ತದೆ.

ಬ್ಯಾಕ್ಟೀರಿಯಾ ಎಷ್ಟು ಹಾಕುತ್ತೀರಿ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಕಡಿಮೆ ಹಾಕಿದರೆ ನೀರು ಹಾಕಿದಂಥ ಸಾರವೂ ಶೂರನಾಗುತ್ತದೆ. 0.5 ಮ್ಯಾಕ್‌ಫರ್ಲ್ಯಾಂಡ್ ಮಾನದಂಡ ಅನ್ನುವ ಮಾದರಿ ದ್ರವದ ಮಬ್ಬಿಗೆ ನಿಮ್ಮ ಬ್ಯಾಕ್ಟೀರಿಯಾ ದ್ರವವನ್ನು ಹೋಲಿಸಿ, ಅಂದರೆ ಮಿಲಿಗೆ ಸುಮಾರು 15 ಕೋಟಿ ಜೀವಕೋಶ. ಕಪ್ಪು ಗೆರೆ ಎಳೆದ ಬಿಳಿ ಕಾರ್ಡ್ ಹಿಂದೆ ಹಿಡಿದು ನೋಡಿದರೆ ವ್ಯತ್ಯಾಸ ಸರಿಯಾಗಿ ಕಾಣುತ್ತದೆ. ಹೊಂದಿಸಿದ ಮೇಲೆ 15 ನಿಮಿಷದೊಳಗೆ ಸ್ವಾಬ್‌ನಿಂದ ಮೂರು ದಿಕ್ಕಿಗೆ ಸವರಿ ಮುಗಿಸಿ, ಚಹಾಕ್ಕೆ ಹೋಗಿ ಬಂದು ಮಾಡಿದರೆ ಅಷ್ಟರಲ್ಲಿ ಅವು ಬೆಳೆದಿರುತ್ತವೆ. ಗಾಯ ಕೀವುಗಟ್ಟಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ ಎಟಿಸಿಸಿ 25923 ಎಂಬ ಗುರುತಿನ ತಳಿಯನ್ನೇ ಬಳಸಿ. ಇವು ರೋಗಾಣುಗಳು, ಮನೆಯಲ್ಲಿ ಈ ಪ್ರಯೋಗ ಖಂಡಿತ ಬೇಡ.

6 ಮಿಮೀ ಗುಂಡಿ ಕೊರೆದು, ಅಗಾರ್ ಚೂರನ್ನು ತೆಗೆಯುವಾಗ ಸುತ್ತಲಿನ ಪದರ ಏಳದಂತೆ ನೋಡಿ. ಎದ್ದರೆ ಸಾರ ಅಡಿಯಲ್ಲಿ ಹರಿದು ಮೊಟ್ಟೆಯಾಕಾರದ ವಲಯ ಬರುತ್ತದೆ. ಗುಂಡಿಯ ತಳಕ್ಕೆ ಕರಗಿದ ಅಗಾರ್ ಒಂದು ಹನಿ ಬಿಟ್ಟರೆ ಆ ಕಾಟ ಇಲ್ಲ. 50 ಮೈಕ್ರೊಲೀಟರ್ ಸಾರ ಹಾಕಿ, ಹೋಲಿಕೆಗೆ ಅದೇ ಪ್ಲೇಟಿನ ಮೇಲೆ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್‌ನ ಬಿಲ್ಲೆ ಒಂದನ್ನೂ ಇಟ್ಟು, ಒಂದು ತಾಸು ಹಾಗೇ ಬಿಡಿ. ಆಮೇಲೆ 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ. ಅಭ್ಯಾಸ ಬಲದಿಂದ ಪ್ಲೇಟ್ ತಲೆಕೆಳಗು ಮಾಡಿಬಿಡುತ್ತಾರೆ, ಹಾಕಿದ್ದೆಲ್ಲ ಮುಚ್ಚಳಕ್ಕೆ ಸೋರಿರುತ್ತದೆ.

ಇನ್ನೊಂದು ನಮ್ಮ ಕಡೆಯ ತೊಂದರೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಅದು 37ಕ್ಕೆ ಎಲ್ಲಿಂದ ಇಳಿಯಬೇಕು? ತಂಪು ಮಾಡುವ ಬಿಓಡಿ ಇನ್‌ಕ್ಯುಬೇಟರ್ ಕೇಳಿ ಪಡೆಯಿರಿ, ಇಲ್ಲವೇ ಪ್ರಯೋಗವನ್ನು ಫೆಬ್ರುವರಿಯೊಳಗೆ ಮುಗಿಸಿ.

ಓದುವುದು

16ರಿಂದ 18 ತಾಸಿನ ನಂತರ ಅಳೆಯಿರಿ. ಮೊದಲು ಔಷಧಿ ಬಿಲ್ಲೆಯ ವಲಯ ನೋಡಿ. ಈ ತಳಿಗೆ 5 ಮೈಕ್ರೊಗ್ರಾಂ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆ 22ರಿಂದ 30 ಮಿಮೀ ಕೊಡಬೇಕು. ಕೊಡದಿದ್ದರೆ ಆ ಪ್ಲೇಟಿನ ಬೇರೆ ಯಾವ ಅಂಕಿಯನ್ನೂ ಬರೆಯಬೇಡಿ. ಮೂರು ಪ್ಲೇಟ್, ಬೇರೆ ಬೇರೆ ದಿನ ಮೂರು ಸಲ.

"ನಮ್ಮ ಸಾರ ಸಿಪ್ರೋಫ್ಲಾಕ್ಸಾಸಿನ್‌ಗೆ ಸಮ" ಅಂತ ಬರೆಯುವ ಮುಂಚೆ ಒಂದು ಲೆಕ್ಕ ಮಾಡಿ. ಗುಂಡಿಗೆ ಹೋದ ಸಾರ 5 ಮಿಗ್ರಾಂ, ಬಿಲ್ಲೆಯಲ್ಲಿರುವುದು 5 ಮೈಕ್ರೊಗ್ರಾಂ. ಸಾವಿರ ಪಟ್ಟು! ಮೇಲಾಗಿ ತಂಗಡಿಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಜಾಸ್ತಿ. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದದ್ದು ಅದಕ್ಕೇ. ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ, ಪ್ಲೇಟಿನಲ್ಲಿ ಕಂಡ ಗುಣ ದೇಹದೊಳಗೆ ಕಾಣದೇ ಹೋಗಬಹುದು. ಟ್ಯಾನಿನ್ ತೆಗೆದ ಸಾರವನ್ನೂ ಜೊತೆಗೆ ಪರೀಕ್ಷಿಸಿ, ವಲಯ ಉಳಿದರೆ ಅದು ಹಿಂಬಾಲಿಸಬೇಕಾದ ಗಿಡ.

ಆಮೇಲೆ 96 ಗುಂಡಿಯ ತಟ್ಟೆಯಲ್ಲಿ ಸಾರವನ್ನು ಅರ್ಧಕ್ಕರ್ಧ ತೆಳು ಮಾಡುತ್ತಾ, ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಪ್ರಮಾಣ ಕಂಡುಹಿಡಿಯಿರಿ. ಸಾರ ಹಸಿರಿರುವುದರಿಂದ ಮಬ್ಬು ಕಾಣುವುದಿಲ್ಲ, ರೆಸಜೂರಿನ್ ಎಂಬ ನೀಲಿ ಬಣ್ಣ ಹಾಕಿ. ಬ್ಯಾಕ್ಟೀರಿಯಾ ಬದುಕಿದ್ದರೆ ನೀಲಿ ಗುಲಾಬಿಯಾಗುತ್ತದೆ. ಕೆಲವು ಗಿಡದ ಸಾರವೇ ಅದನ್ನು ಗುಲಾಬಿ ಮಾಡಬಲ್ಲದು, ಹಾಗಾಗಿ ಬ್ಯಾಕ್ಟೀರಿಯಾ ಇಲ್ಲದೆ ಬರೀ ಸಾರ ಹಾಕಿದ ಗುಂಡಿಗಳನ್ನೂ ಇಡಿ.

ಇಷ್ಟಾದರೂ ಅದು ಔಷಧಿ ಆಗಲಿಲ್ಲ. ಮನುಷ್ಯರ ಜೀವಕೋಶಕ್ಕೆ ಎಷ್ಟು ವಿಷ ಅಂತ ನೋಡಬೇಕು, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ವರದಿಯಲ್ಲಿ "ರೋಗ ಗುಣಪಡಿಸುತ್ತದೆ" ಅನ್ನುವ ಪದ ಎಲ್ಲಿದ್ದರೂ ಹೊಡೆದುಹಾಕಿ. ಬಳಸಿದ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡದೆ ಕಸಕ್ಕೆ ಹಾಕಬೇಡಿ, ಮಿಕ್ಕ ಎಲೆ ಪುಡಿಯನ್ನು ಗಿಡದ ನಂಬರ್ ಬರೆದ ಬಾಟಲಿಯಲ್ಲಿ ಮುಚ್ಚಿಡಿ, ಮುಂದಿನ ವರ್ಷ ಇದೇ ಪ್ರಯೋಗ ಮತ್ತೆ ಮಾಡುವವರಿಗೆ ಅದು ಬೇಕಾಗುತ್ತದೆ.