ಅಮೆರಿಕಾಗೆ ಹೊಸದಾಗಿ ಬಂದವ್ರಿಗೆ: ನಿಮ್ಮ ಫೋನ್ ನಂಬರ್ ಜೋಪಾನ

ಪ್ರತಿ ವರ್ಷ ಆಗಸ್ಟ್ ಬಂತು ಅಂದ್ರೆ ಊರಿಂದ ಓದೋಕೆ, ಕೆಲ್ಸಕ್ಕೆ ಅಂತ ಹೊಸದಾಗಿ ಬಂದವ್ರು ಒಬ್ಬಿಬ್ಬರಾದ್ರೂ ನಮ್ಮನೇಗೆ ಊಟಕ್ಕೆ ಬರ್ತಾರೆ, ಸಾರು ಅನ್ನ ಮುಗಿಯೋ ಅಷ್ಟರಲ್ಲಿ ಮಾತು ಫೋನ್ ಕಡೆ ತಿರುಗಿರುತ್ತೆ. ಯಾವ ಸಿಮ್ ತಗೊಳ್ಲಿ ಅಣ್ಣ, ಊರಿನ ನಂಬರ್ ಇಟ್ಕೊಳ್ಲಾ ಬಿಡ್ಲಾ, ಯಾರೋ ಪೊಲೀಸ್ ಅಂತ ಫೋನ್ ಮಾಡಿದ್ರು ಏನ್ ಮಾಡ್ಲಿ. ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ ಹದಿನೇಳು ವರ್ಷದಿಂದ ಇದೀನಿ, ಇದನ್ನೆಲ್ಲ ಬಾಯಲ್ಲೇ ಹೇಳ್ಕೊಂಡು ಬಂದಿದ್ದೆ, ಈ ಸಲ ಬರೆದೇ ಇಟ್ಬಿಡೋಣ ಅನ್ನಿಸ್ತು.

ಮೊದ್ಲು ಒಂದು ಮಾತು ತಲೇಲಿ ಇಟ್ಕೊಳ್ಳಿ. ಈ ದೇಶದಲ್ಲಿ ನಿಮ್ಮ ಫೋನ್ ನಂಬರ್ ಅನ್ನೋದು ಮನೆ ಬೀಗದ ಕೈ ಇದ್ದ ಹಾಗೆ. ಬ್ಯಾಂಕು, ಇನ್ಶೂರೆನ್ಸು, ಬಾಡಿಗೆ ಮನೆ ಪೋರ್ಟಲ್ಲು, ಸಂಬಳದ ಅಕೌಂಟು, ಎಲ್ಲದಕ್ಕೂ ಕೋಡ್ ಬರೋದು ಅದಕ್ಕೇ. ಆದ್ರೆ ಅದೇ ನಂಬರು ಬೇರೆಯವ್ರ ಸ್ಕ್ರೀನ್ ಮೇಲೆ ಕಾಣ್ತು ಅಂದ ಮಾತ್ರಕ್ಕೆ ಮಾತಾಡ್ತಿರೋದು ನೀವೇ ಅನ್ನೋಕೆ ಅದು ಸಾಕ್ಷಿ ಅಲ್ಲ. ಇವೆರಡೂ ಅರ್ಥ ಆದ್ರೆ ಮುಂದೆ ಹೇಳೋದೆಲ್ಲ ಸುಲಭ.

ಸಿಮ್ ವಿಷಯ ಬೇಗ ಮುಗಿಸ್ತೀನಿ. ಪೋಸ್ಟ್‌ಪೇಯ್ಡ್ ಅಂದ್ರೆ ತಿಂಗಳಿಗೊಂದು ಬಿಲ್, ಅದಕ್ಕೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್ ಥರ ಸರ್ಕಾರ ಕೊಡೋ ನಂಬರ್) ಕೇಳಿ ನಿಮ್ಮ ಕ್ರೆಡಿಟ್, ಅಂದ್ರೆ ಹಿಂದೆ ಸಾಲ ಸರಿಯಾಗಿ ಕಟ್ಟಿದೀರಾ ಅಂತ ನೋಡ್ತಾರೆ, ಬಂದ ವಾರಕ್ಕೆ ನಿಮ್ಮ ಹತ್ರ ಅದು ಇರಲ್ಲ, ಹಾಗಾಗಿ ಪ್ರೀಪೇಯ್ಡ್ ತಗೊಳ್ಳಿ. ಎಟಿ ಅಂಡ್ ಟಿ, ವೆರೈಝನ್, ಟಿ-ಮೊಬೈಲ್ ಈ ಮೂರೇ ದೊಡ್ಡ ಟವರ್‌ಗಳ ಕಂಪನಿ, ಮಿಕ್ಕ ಸಣ್ಣ ಹೆಸರುಗಳು ಬಹುತೇಕ ಇವರ ಟವರನ್ನೇ ಬಾಡಿಗೆಗೆ ತಗೊಂಡು ಕಮ್ಮಿ ದುಡ್ಡಿಗೆ ಕೊಡೋವು, ನಿಮಗೆ ಅಷ್ಟು ಸಾಕು. ಊರಿಂದ ತಂದ ಫೋನಲ್ಲಿ ಇಂಟರ್ನೆಟ್ ಬಂತು ಆದ್ರೆ ಕಾಲ್ ಹೋಗ್ತಿಲ್ಲ ಅಂತ ಸುಮಾರು ಜನ ಗೋಳಾಡ್ತಾರೆ. ಕಾರಣ ಏನಂದ್ರೆ 2022ರಲ್ಲಿ ಈ ಮೂರೂ ಕಂಪನಿಗಳು 3ಜಿ ಮುಚ್ಚಿಬಿಟ್ವು, ಈಗ ಮಾತೂ ಸಹ 4ಜಿ, 5ಜಿ ಮೇಲೇನೇ ಹೋಗ್ಬೇಕು, ಅದಕ್ಕೆ ವೋಲ್ಟಿ ಅಂತಾರೆ, ನಿಮ್ಮ ಫೋನ್ ಮಾಡೆಲ್ಲನ್ನ ಇಲ್ಲಿನ ಕಂಪನಿ ಒಪ್ಪಿಲ್ಲ ಅಂದ್ರೆ ಕಾಲ್ ನಡಿಯಲ್ಲ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದ್ರೆ 15 ಅಂಕಿಯ ಐಎಂಇಐ ಬರುತ್ತೆ, ಅದು ಫೋನಿನ ಚಾಸಿ ನಂಬರ್ ಇದ್ದ ಹಾಗೆ, ಅದನ್ನ ಕಂಪನಿ ಸೈಟಲ್ಲಿ ಹಾಕಿ ನೋಡಿ ಆಮೇಲೆ ಸಿಮ್ ತಗೊಳ್ಳಿ. ಆ ನಂಬರನ್ನೂ ಕಂಡಕಂಡ ಕಡೆ ಫೋಟೋ ಹಾಕ್ಬೇಡಿ.

ಇನ್ನೂ ವಿಮಾನ ಹತ್ತಿಲ್ಲದವ್ರು ಇದನ್ನ ಓದ್ತಿದ್ರೆ ಒಂದು ಕೆಲಸ ಮಾಡಿ, ಊರಿನ ಸಿಮ್ಮನ್ನ ಇಸಿಮ್, ಅಂದ್ರೆ ಕಾರ್ಡ್ ಇಲ್ದೇ ಫೋನ್ ಒಳಗೇ ಇರೋ ಸಿಮ್ ಮಾಡಿಸ್ಕೊಂಡೇ ಹೊರಡಿ. ಐಫೋನ್ 14ರಿಂದ ಈಚೆಗೆ ಅಮೆರಿಕಾದಲ್ಲಿ ಮಾರೋ ಐಫೋನ್‌ಗಳಲ್ಲಿ ಸಿಮ್ ಹಾಕೋ ಜಾಗಾನೇ ಇಲ್ಲ, ಇಲ್ಲಿ ಬಂದು ಹೊಸ ಫೋನ್ ತಗೊಂಡು ಊರಿನ ಸಿಮ್ ಕೈಯಲ್ಲಿ ಹಿಡ್ಕೊಂಡು ಕೂತವ್ರನ್ನ ನೋಡಿದೀನಿ. ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ರೀಚಾರ್ಜ್ ತಪ್ಪಿಸ್ಬೇಡಿ, 90 ದಿನ ಏನೂ ಬಳಸ್ದೇ ಬಿಟ್ರೆ ಆ ನಂಬರ್ ಹೋಗಬಹುದು. ಹೋದ್ರೆ ಏನಂತೆ ಅನ್ಬೇಡಿ, ಆಧಾರು, ಬ್ಯಾಂಕು, ಪಿಎಫ್ ಎಲ್ಲದರ ಒಟಿಪಿ ಅದಕ್ಕೇ ಬರೋದು, ಮತ್ತೆ ಆ ನಂಬರ್ ಒಂದಿನ ಬೇರೆ ಯಾರಿಗೋ ಹೋಗುತ್ತೆ.

ಇಲ್ಲೂ ಅಷ್ಟೇ. ನಿಮಗೆ ಸಿಗೋ ಹೊಸ ನಂಬರ್ ಸಾಮಾನ್ಯವಾಗಿ ಹೊಸದಲ್ಲ, ಯಾರೋ ಬಿಟ್ಟಿದ್ದು. ಬಿಟ್ಟ ನಂಬರನ್ನ ಕಮ್ಮಿ ಅಂದ್ರೆ 45 ದಿನ ಸುಮ್ನೆ ಇಟ್ಟು ಆಮೇಲೆ ಇನ್ನೊಬ್ರಿಗೆ ಕೊಡಬಹುದು ಅಂತ ಇಲ್ಲಿನ ಫೋನ್ ನಿಯಂತ್ರಣ ಮಂಡಳಿ ಎಫ್‌ಸಿಸಿ ನಿಯಮ. ಹಾಗಾಗಿ ಮೊದಲ ತಿಂಗಳಲ್ಲಿ ಯಾರ್ದೋ ಹೆಸರು ಹೇಳಿ ಸಾಲ ಕಟ್ಟಿ ಅಂತ ಫೋನ್ ಬಂದ್ರೆ ಗಾಬರಿ ಬೀಳ್ಬೇಡಿ, ಆ ವ್ಯಕ್ತಿ ನಾನಲ್ಲ, ಈ ನಂಬರಿಗೆ ಮತ್ತೆ ಮಾಡ್ಬೇಡಿ ಅಂತ ಹೇಳಿ, ನಿಮ್ಮ ಹೆಸರು ವಿಳಾಸ ಮಾತ್ರ ಹೇಳೋಕೆ ಹೋಗ್ಬೇಡಿ. ಇದೇ ಕಾರಣಕ್ಕೆ ವಾಪಸ್ ಊರಿಗೆ ಹೋಗೋವಾಗ್ಲೂ ನಂಬರನ್ನ ಹಾಗೇ ಬಿಟ್ಟು ಹೋಗ್ಬೇಡಿ, ಗೂಗಲ್ ವಾಯ್ಸ್ ಅನ್ನೋ ಇಂಟರ್ನೆಟ್ ಫೋನ್ ಸೇವೆಗೆ ಒಂದ್ಸಲ 20 ಡಾಲರ್ ಕೊಟ್ಟು ಬದಲಾಯಿಸ್ಕೊಂಡ್ರೆ ನಂಬರ್ ನಿಮ್ಮ ಹತ್ರಾನೇ ಇರುತ್ತೆ. ಕಂಪನಿ ಬದಲಾಯಿಸಿದ್ರೂ ನಂಬರ್ ಉಳಿಸ್ಕೊಳ್ಳೋ ಈ ಹಕ್ಕಿಗೆ ಪೋರ್ಟಿಂಗ್ ಅಂತಾರೆ, ಮೊಬೈಲ್‌ಗಳಿಗೆ 2003ರಿಂದ ಇದೆ.

ಈಗ ಮುಖ್ಯ ವಿಷಯ, ಕಾಲರ್ ಐಡಿ, ಅಂದ್ರೆ ಫೋನ್ ಬಂದಾಗ ಸ್ಕ್ರೀನ್ ಮೇಲೆ ಕಾಣೋ ನಂಬರ್. ಕಾಗದ ಬರೆಯೋವಾಗ ಮೇಲ್ಗಡೆ "ಇಂದ" ಅಂತ ಹಾಕಿ ವಿಳಾಸ ಬರೀತೀವಲ್ಲ, ಕಾಲರ್ ಐಡಿ ಕೂಡ ಅದೇ. ಕಳಿಸೋನು ಏನು ಬರ್ದ ಅನ್ನೋದಷ್ಟೇ, ಅಂಚೆಯವ್ನು ಅದನ್ನ ಪರೀಕ್ಷೆ ಮಾಡಿ ತಲುಪಿಸ್ತಾ ಇರ್ಲಿಲ್ಲ. ಸುಳ್ಳು "ಇಂದ" ಬರೆಯೋದಕ್ಕೆ ಸ್ಪೂಫಿಂಗ್ ಅಂತಾರೆ. ನಿಮ್ಮದು ನಮ್ಮ ಸ್ಯಾನ್ ಹೋಸೆ ಕಡೆಯ 408ರಲ್ಲಿ ಶುರು ಆಗೋ ನಂಬರ್ ಆದ್ರೆ ಕಳ್ಳನೂ 408 ಅಂತಲೇ ತೋರಿಸ್ತಾನೆ, ಪಕ್ಕದ ಮನೆಯವ್ರೋ ಮಕ್ಕಳ ಸ್ಕೂಲೋ ಅನ್ಕೊಂಡು ಎತ್ತಲಿ ಅಂತ. ಇದನ್ನ ತಡೆಯೋಕೆ 2021ರ ಜೂನ್ ಕೊನೆಯಿಂದ ದೊಡ್ಡ ಕಂಪನಿಗಳು ಸ್ಟರ್-ಶೇಕನ್ ಅನ್ನೋ ವ್ಯವಸ್ಥೆ ಹಾಕ್ಲೇಬೇಕಾಯ್ತು, ಕಾಲ್ ಹೊರಡೋ ಕಡೆ ಕಂಪನಿ ಅದಕ್ಕೊಂದು ಡಿಜಿಟಲ್ ಸಹಿ ಹಾಕುತ್ತೆ, ನಿಮ್ಮ ಕಡೆ ಕಂಪನಿ ನೋಡಿ ಸರಿ ಇದ್ರೆ ಕೆಲವು ಫೋನಲ್ಲಿ ಟಿಕ್ ಮಾರ್ಕ್ ತೋರಿಸುತ್ತೆ. ಆದ್ರೆ ದಯವಿಟ್ಟು ಗಮನಿಸಿ, ಟಿಕ್ ಇದ್ರೆ ನಂಬರ್ ಅಸಲಿ ಅಂತ ಅಷ್ಟೇ ಅರ್ಥ, ಮಾತಾಡೋನು ಒಳ್ಳೆಯವ್ನು ಅಂತಲ್ಲ. ಕಳ್ಳನೂ ದುಡ್ಡು ಕೊಟ್ಟು ಅಸಲಿ ನಂಬರ್ ತಗೋಬಹುದಲ್ವಾ.

ಹೊಸಬ್ರನ್ನ ಹೆಚ್ಚು ಹೆದರಿಸೋದು ವೀಸಾ, ಟ್ಯಾಕ್ಸ್ ಹೆಸರಲ್ಲಿ ಬರೋ ಕಾಲ್‌ಗಳು. ವಾಷಿಂಗ್ಟನ್‌ನಲ್ಲಿರೋ ನಮ್ಮ ದೇಶದ ರಾಯಭಾರ ಕಚೇರಿ ನಂಬರನ್ನೇ ತೋರಿಸಿ ಫೋನ್ ಮಾಡ್ತಾರೆ, ನಂಬ್ಬೇಡಿ ಅಂತ ಕಚೇರಿಯವ್ರೇ ಎಚ್ಚರಿಕೆ ಕೊಟ್ಟಿದಾರೆ. ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಅಂತ ಹೇಳ್ಕೊಂಡು ಇಲ್ಲಿನವ್ರನ್ನ ಹೆದರಿಸಿ ದುಡ್ಡು ಕೀಳ್ತಿದ್ದ ಕಾಲ್ ಸೆಂಟರ್‌ಗಳ ಮೇಲೆ 2016ರ ಅಕ್ಟೋಬರಲ್ಲಿ ಮುಂಬೈ ಪಕ್ಕದ ಥಾಣೆ ಊರಿನ ಪೊಲೀಸ್ರು ದಾಳಿ ಮಾಡಿದ್ದು ನೆನಪಿರಬಹುದು. ಅಸಲಿ ಐಆರ್‌ಎಸ್ ಸಾಮಾನ್ಯವಾಗಿ ಮೊದಲು ಅಂಚೆಯಲ್ಲಿ ಕಾಗದ ಕಳಿಸುತ್ತೆ, ಗಿಫ್ಟ್ ಕಾರ್ಡಲ್ಲಿ ದುಡ್ಡು ಕೇಳೋ ಸರ್ಕಾರಿ ಇಲಾಖೆ ಈ ದೇಶದಲ್ಲಿ ಒಂದೂ ಇಲ್ಲ. ನಮ್ಮ ಪರಿಚಯದ ಹಾಸನದ ಹುಡುಗಿ ಒಬ್ಬಳಿಗೆ ಶೆರಿಫ್, ಅಂದ್ರೆ ಇಲ್ಲಿನ ಜಿಲ್ಲಾ ಪೊಲೀಸ್ ಮುಖ್ಯಸ್ಥರ ಆಫೀಸಿಂದ ಅಂತ ಫೋನ್ ಬಂತು, ನೀನು ಜ್ಯೂರಿ ಡ್ಯೂಟಿಗೆ ಬಂದಿಲ್ಲ, ವಾರೆಂಟ್ ಇದೆ, ಲೈನ್ ಕಟ್ ಮಾಡಿದ್ರೆ ಅರೆಸ್ಟ್ ಅಂತ ಒಂದೂವರೆ ಗಂಟೆ ಹಿಡಿದಿಟ್ರು, ಪಾಪ ಅವಳು ಬಾತ್‌ರೂಮಲ್ಲಿ ಕೂತು ಅಳ್ತಾ ಇದ್ಲು, ರೂಮ್‌ಮೇಟ್ ಬಂದು ಫೋನ್ ಕಿತ್ಕೊಂಡು ಕಟ್ ಮಾಡಿದ್ಮೇಲೆ ಬಿಡ್ತು. ಜ್ಯೂರಿ ಅಂದ್ರೆ ಕೋರ್ಟಲ್ಲಿ ಕೂತು ಕೇಸ್ ತೀರ್ಮಾನ ಮಾಡೋ ಸಾಮಾನ್ಯ ಜನ, ಅದರಲ್ಲಿ ಕೂರಬಹುದಾದವ್ರು ಇಲ್ಲಿನ ನಾಗರಿಕರು ಮಾತ್ರ, ಸ್ಟೂಡೆಂಟ್ ವೀಸಾದಲ್ಲಿರೋರು ಕೂರೋ ಹಾಗೇ ಇಲ್ಲ, ಆದ್ರೆ ಬಂದು ಎರಡು ತಿಂಗಳಾದ ಮಗೂಗೆ ಅದು ಹೇಗೆ ಗೊತ್ತಾಗ್ಬೇಕು. ಯಾರೇ ಆಗ್ಲಿ, ಎಷ್ಟೇ ಗದರಿಸ್ಲಿ, ಕಟ್ ಮಾಡಿ. ಆಮೇಲೆ ಆ ಇಲಾಖೆಯ ಅಧಿಕೃತ ಸೈಟಿಂದ ನಂಬರ್ ಹುಡುಕಿ ನೀವೇ ಮಾಡಿ. ಕಟ್ ಮಾಡಿದ್ರೆ ಮರ್ಯಾದೆ ಅಲ್ಲ ಅನ್ನೋ ನಮ್ಮ ಸಂಕೋಚ ಇದೆಯಲ್ಲ, ಕಳ್ಳರಿಗೆ ಅದೇ ಬಂಡವಾಳ.

ಇನ್ನೊಂದು ಮೋಸ ಸೋಫಾ, ಮಂಚ ಮಾರೋರಿಗೆ ಬರುತ್ತೆ. ನೀವು ಮಾರೋಕಿದೆ ಅಂತ ನಂಬರ್ ಹಾಕ್ತೀರಿ, ಯಾರೋ ಮೆಸೇಜ್ ಮಾಡಿ ನೀವು ನಿಜವಾದ ಮನುಷ್ಯರೇ ಅಂತ ನೋಡ್ಕೋಬೇಕು, ನಿಮಗೊಂದು 6 ಅಂಕಿ ಕೋಡ್ ಕಳಿಸ್ತೀನಿ, ಅದನ್ನ ವಾಪಸ್ ಹೇಳಿ ಅಂತಾರೆ. ಆ ಕೋಡ್ ಗೂಗಲ್ ವಾಯ್ಸ್‌ದು. ಹೇಳಿದ್ರೋ, ಅವನು ನಿಮ್ಮ ನಂಬರಿನ ಆಧಾರದ ಮೇಲೆ ಹೊಸ ಇಂಟರ್ನೆಟ್ ನಂಬರ್ ಮಾಡ್ಕೊಂಡು ಅದರಲ್ಲಿ ಬೇರೆಯವ್ರಿಗೆ ಮೋಸ ಮಾಡ್ತಾನೆ, ಜಾಡು ಹಿಡಿದು ಬಂದ್ರೆ ನಿಮ್ಮ ಬಾಗಿಲಿಗೆ ಬರುತ್ತೆ. ಕೋಡ್ ಅನ್ನೋದು ನೀವು ಟೈಪ್ ಮಾಡೋಕೆ ಬರೋದು, ಇನ್ನೊಬ್ರಿಗೆ ಹೇಳೋಕೆ ಅಲ್ಲ. ಇಂಥ ಇಂಟರ್ನೆಟ್ ನಂಬರಿಗೆ ವಾಯ್ಪ್ ಅಂತಾರೆ, ಒಳ್ಳೆ ಉಪಯೋಗಾನೂ ಇದೆ, ಅಂಗಡಿಯ ಕಾರ್ಡು, ಮನೆ ಹುಡುಕೋ ಜಾಹೀರಾತು ಎಲ್ಲದಕ್ಕೂ ನಾನು ಅದನ್ನೇ ಕೊಡೋದು, ಅಸಲಿ ನಂಬರ್ ಬ್ಯಾಂಕಿಗೆ ಮತ್ತೆ ಮನೆಯವ್ರಿಗೆ ಮಾತ್ರ. ಕೆಲವು ಬ್ಯಾಂಕುಗಳು ವಾಯ್ಪ್ ನಂಬರನ್ನ ಕೋಡಿಗೆ ಒಪ್ಪಲ್ಲ, ಅದು ನೆನಪಿರ್ಲಿ. ಒಂದೇ ಒಂದು ಕಾಲಿಗೆ ನಂಬರ್ ಮುಚ್ಚಿಡ್ಬೇಕು ಅಂದ್ರೆ ಮೊದ್ಲು ಸ್ಟಾರ್ 67 ಒತ್ತಿ ಆಮೇಲೆ ಡಯಲ್ ಮಾಡಿ, ಆದ್ರೆ ಪೊಲೀಸು, ಆಂಬ್ಯುಲೆನ್ಸು ಕರೆಯೋ ತುರ್ತು ನಂಬರ್ 911ಗೂ 800 ಥರದ ಉಚಿತ ನಂಬರ್‌ಗಳಿಗೂ ಅದು ಮುಚ್ಚಿರಲ್ಲ.

ಸಿಮ್ ಸ್ವಾಪ್, ಅಂದ್ರೆ ನಮ್ಮ ನಂಬರನ್ನ ಕಳ್ಳ ತನ್ನ ಸಿಮ್ಮಿಗೆ ಹಾಕಿಸ್ಕೊಳ್ಳೋದು, ನನಗೇ ಆಗಿರೋದ್ರಿಂದ ಸ್ವಲ್ಪ ಜಾಸ್ತಿ ಬರೀತೀನಿ. ಒಂದು ಶನಿವಾರ ಬೆಳಿಗ್ಗೆ ಮನೇಲೇ ಕೂತಿದ್ದೆ, ಸಿಗ್ನಲ್ ಹೋಯ್ತು, ಹೆಂಡತಿ ಫೋನಲ್ಲಿ ಇದೆ ನನ್ನದ್ರಲ್ಲಿ ಇಲ್ಲ. ಟವರ್ ಸಮಸ್ಯೆ ಇರ್ಬೇಕು ಅಂತ ಕಾಫಿ ಕುಡೀತಾ ನಲವತ್ತು ನಿಮಿಷ ಕಳೆದೆ. ಅಷ್ಟರಲ್ಲಿ ಯಾರೋ ನಾನೇ ಅಂತ ನನ್ನ ಫೋನ್ ಕಂಪನಿಯವ್ರನ್ನ ನಂಬಿಸಿ ನನ್ನ ನಂಬರನ್ನ ಅವರ ಸಿಮ್ಮಿಗೆ ಹಾಕಿಸ್ಕೊಂಡು, ನನ್ನ ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿನ ಬಾಗಿಲು ತಟ್ತಾ ಇದ್ರು. ಬ್ಯಾಂಕಿಗೆ ಹೆಂಡತಿ ಫೋನಿಂದ ಮಾಡಿ ನಿಲ್ಲಿಸಿದ್ವಿ, ದುಡ್ಡು ಹೋಗ್ಲಿಲ್ಲ, ಆದ್ರೆ ಇಮೇಲ್ ವಾಪಸ್ ಸಿಗೋಕೆ ಒಂಬತ್ತು ದಿನ ಆಯ್ತು. ಆವತ್ತಿಂದ ನಾನು ಎಲ್ಲರಿಗೂ ಹೇಳೋದು, ನಿಮ್ಮ ಕಂಪನಿ ಆಪ್‌ನಲ್ಲಿ ನಂಬರ್ ಲಾಕ್ ಅಥವಾ ಸಿಮ್ ಲಾಕ್ ಅಂತ ಒಂದು ಸ್ವಿಚ್ ಇದ್ರೆ ಈಗ್ಲೇ ಆನ್ ಮಾಡಿ, ಅಕೌಂಟಿಗೆ ಪಿನ್ ಇಡಿ, ಹುಟ್ಟಿದ ವರ್ಷ ಇಡ್ಬೇಡಿ. ಗುರುತು ಖಾತ್ರಿ ಮಾಡ್ಕೊಳ್ದೇ ಸಿಮ್ ಬದಲಾಯಿಸ್ಬಾರ್ದು ಅಂತ ಎಫ್‌ಸಿಸಿ 2023ರ ನವೆಂಬರಲ್ಲಿ ನಿಯಮ ಮಾಡಿದೆ, ಆದ್ರೂ ನಿಮ್ಮ ಬೀಗ ನೀವೇ ಹಾಕ್ಕೊಳ್ಳಿ. ಇಮೇಲಿಗೆ ಮತ್ತೆ ದುಡ್ಡಿನ ಅಕೌಂಟುಗಳಿಗೆ ಸಾಧ್ಯ ಇದ್ದ ಕಡೆ ಎಸ್‌ಎಂಎಸ್ ಕೋಡ್ ಬಿಟ್ಟು ಫೋನ್ ಒಳಗೇ ಕೋಡ್ ಹುಟ್ಟಿಸೋ ಆಥೆಂಟಿಕೇಟರ್ ಆಪ್‌ಗೋ, ಬೆರಳಚ್ಚು ಅಥವಾ ಮುಖ ತೋರಿಸಿ ಒಳಗೆ ಹೋಗೋ ಪಾಸ್‌ಕೀಗೋ ಹೋಗಿ, ಅವು ನಂಬರ್ ಜೊತೆ ಕಳುವಾಗಲ್ಲ.

ಸಣ್ಣಪುಟ್ಟದ್ದು ಕೆಲವಿದೆ. ಸ್ಪ್ಯಾಮ್ ಮೆಸೇಜ್ ಬಂದ್ರೆ 7726ಕ್ಕೆ ಫಾರ್ವರ್ಡ್ ಮಾಡಿ, ದುಡ್ಡಿಲ್ಲ. ಮಾರಾಟದ ಕಾಲ್ ಬೇಡ ಅನ್ನೋರ ಡು ನಾಟ್ ಕಾಲ್ ಪಟ್ಟಿ 2003ರಿಂದ ಇದೆ, ನಂಬರ್ ಸೇರಿಸಿ, ನಿಯಮ ಪಾಲಿಸೋ ಕಂಪನಿಗಳು ನಿಲ್ಲಿಸ್ತಾವೆ, ಕಳ್ಳರು ನಿಲ್ಲಿಸಲ್ಲ. ವಾಯ್ಸ್‌ಮೇಲ್ ನಾವು ಊರಲ್ಲಿ ಬಳಸಿದವ್ರಲ್ಲ, ಇಲ್ಲಿ ಡಾಕ್ಟ್ರು, ಸ್ಕೂಲು, ಕೆಲಸ ಕೊಡೋರು ಎಲ್ಲ ಅಲ್ಲೇ ಹೇಳಿ ಇಡೋದು, ಹಾಗಾಗಿ ಗೊತ್ತಿಲ್ಲದ ನಂಬರ್ ಎತ್ತದೇ ವಾಯ್ಸ್‌ಮೇಲಿಗೆ ಬಿಡಿ. ನಂಬರ್ ಯಾರದು ಅಂತ ತೋರಿಸೋ ಆಪ್ ಹಾಕೋವಾಗ ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೇಳಿದ್ರೆ ಯೋಚನೆ ಮಾಡಿ, ಕೊಟ್ರೆ ನಿಮ್ಮ ದೊಡ್ಡಪ್ಪನಿಂದ ಹಿಡಿದು ಮನೆ ಓನರ್ ತನಕ ಎಲ್ಲರ ನಂಬರನ್ನ ಅವರನ್ನ ಕೇಳದೇ ನೀವು ಕೊಟ್ಟ ಹಾಗೆ. ಇನ್ನು ಊರಲ್ಲಿ ಕಾಲ್ ರೆಕಾರ್ಡ್ ಮಾಡ್ಕೊಳ್ಳೋ ಅಭ್ಯಾಸ ಇದ್ದವ್ರು ಹುಷಾರು, ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತನ್ನ ರೆಕಾರ್ಡ್ ಮಾಡೋಕೆ ಮಾತಾಡೋ ಎಲ್ಲರ ಒಪ್ಪಿಗೆ ಬೇಕು, ಇಲ್ಲಾಂದ್ರೆ ಅಪರಾಧ.

ಫ್ಯಾಮಿಲಿ ಪ್ಲಾನ್ ಬಗ್ಗೆ ಒಂದು ಮಾತು, ಇದನ್ನ ಹೆಣ್ಮಕ್ಕಳು ಖಂಡಿತ ಓದ್ಬೇಕು. ಅಕೌಂಟ್ ಯಾರ ಹೆಸರಲ್ಲಿದೆಯೋ ಅವ್ರಿಗೆ ಎಲ್ಲ ಲೈನ್‌ಗಳಿಂದ ಯಾವ ನಂಬರಿಗೆ ಯಾವಾಗ ಎಷ್ಟು ಹೊತ್ತು ಕಾಲ್ ಹೋಯ್ತು ಅಂತ ಬಿಲ್ಲಲ್ಲಿ ಕಾಣಬಹುದು. ಮಾತಾಡಿದ್ದು ಏನು ಅಂತ ಕಾಣಲ್ಲ, ಆದ್ರೆ ಯಾರಿಗೆ ಅನ್ನೋದೇ ಎಷ್ಟೋ ಸಲ ಸಾಕಾಗುತ್ತೆ. ಎಚ್4, ಅಂದ್ರೆ ಗಂಡನ ಕೆಲಸದ ವೀಸಾ ಮೇಲೆ ಸಿಗೋ ವೀಸಾದಲ್ಲಿ ಬಂದ ಹೆಂಗಸ್ರ ನಂಬರ್ ಸಾಮಾನ್ಯವಾಗಿ ಗಂಡನ ಅಕೌಂಟಲ್ಲೇ ಇರುತ್ತೆ, ಮನೇಲಿ ಎಲ್ಲ ಚೆನ್ನಾಗಿದ್ರೆ ಅದರಲ್ಲಿ ತಪ್ಪಿಲ್ಲ. ಚೆನ್ನಾಗಿಲ್ಲದ ಮನೆಗಳೂ ನಮ್ಮವ್ರಲ್ಲೇ ಇವೆ. ಮನೇಲಿ ಹಿಂಸೆ ಅನುಭವಿಸ್ತಿರೋರು ತಮ್ಮ ಲೈನನ್ನ ಬೇರೆ ಮಾಡಿಕೊಡಿ ಅಂತ ಕೇಳಬಹುದು, 2022ರ ಸೇಫ್ ಕನೆಕ್ಷನ್ಸ್ ಕಾನೂನು ಪ್ರಕಾರ ಸರಿಯಾದ ಅರ್ಜಿ ತಲುಪಿ ಎರಡು ಕೆಲಸದ ದಿನದೊಳಗೆ ಕಂಪನಿ ಮಾಡಿಕೊಡ್ಬೇಕು. ಇಂಥವ್ರಿಗೆ ಅಮೆರಿಕಾದ ಸಹಾಯವಾಣಿ 1-800-799-7233, ಸ್ಯಾನ್ ಹೋಸೆ ಇರೋ ಬೇ ಏರಿಯಾದಲ್ಲಿ ನಮ್ಮ ಕಡೆಯವ್ರಿಗೆ ಅಂತಲೇ ಮೈತ್ರಿ ಅನ್ನೋ ಸಂಸ್ಥೆ ಇದೆ. ಬಿಲ್ಲಲ್ಲಿ ಕಾಣುತ್ತೆ ಅನ್ನೋ ಭಯ ಇದ್ರೆ ಗೆಳತಿ ಫೋನಿಂದ ಮಾಡಿ.

ಕೊನೆಗೆ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ. ಅವ್ರ ಫೋನಲ್ಲಿ ವೈಫೈ ಕಾಲಿಂಗ್ ಆನ್ ಮಾಡೋವಾಗ ತುರ್ತು ವಿಳಾಸ ಕೇಳುತ್ತೆ, ನಿಮ್ಮ ಈಗಿನ ಮನೆ ವಿಳಾಸ ಹಾಕಿ, ಮನೆ ಬದಲಾಯಿಸಿದಾಗ ಅದನ್ನೂ ಬದಲಾಯಿಸಿ, 911ಗೆ ಮಾಡಿದಾಗ ಆಂಬ್ಯುಲೆನ್ಸು ಹಳೇ ಮನೆಗೆ ಹೋಗ್ಬಾರ್ದು ನೋಡಿ. ಪ್ಲಾನ್ ಇಲ್ಲದ ಮೊಬೈಲಿಂದ್ಲೂ 911 ಹೋಗುತ್ತೆ, ಆದ್ರೆ ಆ ಫೋನಲ್ಲಿ ಇಲ್ಲಿನ 4ಜಿ, 5ಜಿ ಮೇಲೆ ಕಾಲ್ ಹೋಗೋ ಹಾಗಿರ್ಬೇಕು. ನಮ್ಮನೇಲಿ ಫ್ರಿಜ್ ಮೇಲೆ ವಿಳಾಸಾನ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರ್ದು ಅಂಟಿಸಿದೀನಿ, ಅಮ್ಮ ಹಾಗೇ ಓದಿದ್ರೆ ಇಂಗ್ಲಿಷ್ ಥರ ಕೇಳುತ್ತೆ. ಮತ್ತೆ ಮನೆಯವ್ರಿಗೆಲ್ಲ ಗೊತ್ತಿರೋ ಒಂದು ಗುಟ್ಟಿನ ಪದ ಇಟ್ಕೊಂಡಿದೀವಿ, ಯಾಕಂದ್ರೆ ಈಗ ಎಐನಲ್ಲಿ ಮಗನ ದನಿಯನ್ನೇ ತಂದು ಆಕ್ಸಿಡೆಂಟ್ ಆಗಿದೆ ದುಡ್ಡು ಕಳ್ಸು ಅಂತಾರೆ. ಹೋದ ಚಳಿಗಾಲದಲ್ಲಿ ನಾನು ಆಫೀಸಿಂದ ಬೇರೆ ನಂಬರಲ್ಲಿ ಅಮ್ಮಂಗೆ ಫೋನ್ ಮಾಡ್ದೆ, ಕೆಮ್ಮು ಬಂದು ದನಿ ಕಟ್ಟಿತ್ತು, ಪದ ಹೇಳು ಅಂದ್ರು, ಹೇಳಿದ್ಮೇಲೇನೇ ಊಟ ಆಯ್ತಾ ಅಂತ ಕೇಳಿದ್ದು.